ಮೆಷಿನ್ನುಗಳ ಮುಯ್ಯಾಳು

ಸಾರಿನಲ್ಲಿ ಉಪ್ಪು ಹದವಾಗಿದ್ದ ದಿನ ನಮ್ಮ ಮನೆಯಲ್ಲಿ ಯಾರೂ ಉಪ್ಪಿನ ಸುದ್ದಿ ಎತ್ತುವುದಿಲ್ಲ. ಮದುವೆಯಾದ ಹೊಸತರಲ್ಲಿ ನನಗೆ ಇದರಿಂದ ಬಹಳ ಬೇಜಾರಾಗುತ್ತಿತ್ತು. "ಸಾರು ಹೇಗಿದೆ?" ಎಂದು ಮೂರು ಸಲ ಕೇಳಿದರೆ ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತಿ, "ಯಾಕೆ, ಎಂತಾರೂ ಹೆಚ್ಚು ಕಮ್ಮಿ ಆಗಿತ್ತಾ?" ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಹೊಟ್ಟೆಪಾಡಿಗೆ ಸಿಕ್ಕ ಕೆಲಸವೂ ಅದೇ ಜಾತಿಯದು. ಸಾಗರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಎಲ್ಲ ಸರಿಯಿದ್ದರೆ ನಾನೊಬ್ಬಳು ಇದ್ದೇನೆಂಬುದೇ ಯಾರಿಗೂ ನೆನಪಿರುವುದಿಲ್ಲ. ಹೊಗಳಿಸಿಕೊಳ್ಳುವ ಚಪಲವೋ, ನನಗೆ ಚಿಕ್ಕಂದಿನಿಂದಲೂ ಒಂದು ಹಿಡಿ ಜಾಸ್ತಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನಮ್ಮ ಬುಕಿಂಗ್ ಆಫೀಸುಗಳಿವೆ. ಒಂದೊಂದರ ಹಿಂದಿನ ಕೋಣೆಯಲ್ಲೂ ಒಂದೊಂದು ಸರ್ವರ್. ಮೂರನ್ನೂ ಜೋಡಿಸಿರುವುದರಿಂದ ಒಂದು ಮಲಗಿದರೆ ಉಳಿದೆರಡು ಅದರ ಕೆಲಸ ಹೊತ್ತುಕೊಳ್ಳುತ್ತವೆ. ಮೂರಕ್ಕೂ ವಯಸ್ಸಾಗಿತ್ತು, ಹೊಸವು ಬೇಕೆಂದು ಕೇಳಿದೆ. "ಹೊಸವು ಹಾಕಿ. ಆದ್ರೆ ಬುಕಿಂಗ್ ನಿಲ್ಲೋ ಹಂಗಿಲ್ಲ. ನಿಂತ್ರೆ ಈ ಕೆಲ್ಸ ಶಿವಮೊಗ್ಗದವ್ರಿಗೆ ಕೊಡ್ತೀನಿ, ನೀವು ಪಾರ್ಸೆಲ್ ಚೀಟಿ ಬರಿಯಕ್ಕೆ ಕೂತ್ಕಳಿ" ಎಂದರು ಮಾಲೀಕರು. ಹದಿನೆಂಟು ವರ್ಷ ದುಡಿದವಳಿಗೆ ಪಾರ್ಸೆಲ್ ಚೀಟಿ! "ಒಂದೊಂದಾಗಿ ಬದಲಾಯಿಸ್ತೀನಿ ಸರ್. ಯಾರಿಗೂ ಗೊತ್ತೇ ಆಗಲ್ಲ" ಎಂದೆ.

ಸಾಗರದ್ದು ಸುಸೂತ್ರವಾಗಿ ಮುಗಿಯಿತು. ಹೇಳಿದಂತೆಯೇ ಯಾರಿಗೂ ಗೊತ್ತಾಗಲಿಲ್ಲ. ಅದೇ ನನಗೆ ತಡೆಯಲಾಗದ ಸಂಕಟವಾಯಿತು. ಇಷ್ಟು ದೊಡ್ಡ ಕೆಲಸವನ್ನು ಒಂದು ಪ್ರಾಣಿಯೂ ನೋಡದಿದ್ದರೆ ಹೇಗೆ? ಹಾಗಾಗಿ ಹೊಸನಗರಕ್ಕೆ ಹೋದವಳು ಅಲ್ಲಿ ಕೌಂಟರಿನಲ್ಲಿ ಕೂರುವ ನಾಗಪ್ಪನನ್ನು ಕರೆದು ಪಾಠ ಶುರುಮಾಡಿದೆ. "ನಿಮ್ಮೂರಲ್ಲಿ ಮುಯ್ಯಾಳು ಇಲ್ವಾ? ಇವತ್ತು ನಿಮ್ಮ ಗದ್ದೆ ನಟ್ಟಿಗೆ ಪಕ್ಕದ ಮನೆಯವ್ರು ಬರ್ತಾರೆ, ನಾಳೆ ಅವ್ರ ಗದ್ದೆಗೆ ನೀವು ಹೋಗ್ತೀರಿ. ಇದೂ ಹಂಗೇ. ನಾನು ನಿಮ್ಮ ಮೆಷಿನ್ ಬಿಚ್ಚಿದಾಗ ನಿಮ್ಮ ಕೆಲ್ಸನ ಸಾಗರದ ಮೆಷಿನ್ ಮಾಡತ್ತೆ" ಎಂದೆ.

"ಅಬ್ಬಾ, ಎಂತ ತಲೆ ಅಕ್ಕ ನಿಮ್ದು!" ಎಂದ ನಾಗಪ್ಪ. ಅಷ್ಟು ಸಾಕಾಗಿತ್ತು. ಎರಡು ಗಂಟೆ ಹಿಂದಿನ ಕೋಣೆಯಲ್ಲಿ ಬೆವರು ಸುರಿಸಿ, ಹೊಸ ಸರ್ವರ್ ಕೂರಿಸಿ, ಗೆದ್ದವಳಂತೆ ಹೊರಗೆ ಬಂದೆ. ಬೆಂಚಿನ ತುಂಬ ಜನ. ನಾಗಪ್ಪ ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ ಚಹಾ ಕುಡಿಯುತ್ತಿದ್ದ.

ನಾನು ಕೌಂಟರಿಗೆ ಓಡಿದೆ. "ಬುಕಿಂಗ್ ನಿಂತೋಯ್ತಾ ನಾಗಪ್ಪ?"

"ಮೆಷಿನ್ ನಿಂತಿಲ್ಲ ಅಕ್ಕ, ನಾನೇ ನಿಲ್ಸಿದೀನಿ. ಪಾಪ, ಸಾಗರದ್ದು ಅದ್ರ ಕೆಲ್ಸನೂ ಮಾಡ್ಬೇಕು, ನಮ್ದೂ ಮಾಡ್ಬೇಕು. ಮುಯ್ಯಾಳಿಗೆ ಬಂದೋರನ್ನ ಹಂಗೆಲ್ಲ ದುಡ್ಸಕ್ಕಾಗತ್ತಾ? ನಾಳೆ ನಾವೂ ಅವ್ರ ಗದ್ದೆಗೆ ಇಳೀಬೇಕಲ್ಲ, ನೆನಪಿಟ್ಕಂಡು ತೀರಿಸ್ಕಳ್ತಾರೆ."

ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ತಲೆದೂಗಿದರು. "ಹೌದು ಮಾರಾಯ್ತಿ. ನಮ್ಗೆ ಎಂತ ಅವಸರ? ಅದಕ್ಕೂ ಸುಸ್ತಾಗಲ್ವಾ?"

ಅಷ್ಟರಲ್ಲಿ ಮಾಲೀಕರ ಫೋನ್ ಬಂತು. ಎರಡು ಗಂಟೆಯಿಂದ ಹೊಸನಗರದಲ್ಲಿ ಒಂದು ಟಿಕೆಟ್ ಕೂಡ ಆಗಿಲ್ಲವಲ್ಲ ಎಂದು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. "ಮೆಷಿನ್ನಿಗೆ ಮುಯ್ಯಾಳು ಅಂತ ಅವನಿಗೆ ಹೇಳ್ಕೊಟ್ಟೋರು ಯಾರು?" ಎಂದರು. "ಈಗ್ಲೇ ಶುರು ಮಾಡಿಸ್ತೀನಿ ಸರ್" ಎಂದು ನಾನು ಕೀಬೋರ್ಡಿನ ಮೇಲಿನ ಟವೆಲ್ ಎಳೆದೆ. "ತೀರ್ಥಹಳ್ಳಿ ಒಂದು ಉಳಿದಿದೆ, ನೋಡ್ಕಳಿ" ಎಂದು ಫೋನ್ ಇಟ್ಟರು.

ತೀರ್ಥಹಳ್ಳಿಗೆ ಹೊಸ ಸರ್ವರನ್ನು ನಮ್ಮದೇ ಬಸ್ಸಿನಲ್ಲಿ ಹಪ್ಪಳದ ಡಬ್ಬಗಳ ನಡುವೆ ಪಾರ್ಸೆಲ್ ಮಾಡಿ ಕಳಿಸಿ, ನಾನೂ ಹೋಗಿ ಅದನ್ನು ಹಿಂಬಾಗಿಲಿನಿಂದ ಕೋಣೆಗೆ ಸೇರಿಸಿದೆ. ಕೌಂಟರಿನ ಸುಮಿತ್ರಾ, "ಎಂತಕ್ಕೆ ಬಂದ್ರಿ ಅಕ್ಕ?" ಎಂದಳು. ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿ, ಬ್ಯಾಗಿನಿಂದ ಒಂದು ಬಟ್ಟೆ ತೆಗೆದು ತೋರಿಸಿ, "ಮೆಷಿನ್ ಧೂಳು ಒರೆಸಕ್ಕೆ" ಎಂದೆ. ಬಾಗಿಲು ಹಾಕಿಕೊಂಡು ಹಳೆಯದನ್ನು ಬಿಚ್ಚಿದೆ. ಹೊರಗೆ ಟಿಕೆಟ್ ಪ್ರಿಂಟರ್ ಒಂದೇ ಸಮನೆ ಕಿರುಗುಡುತ್ತಿತ್ತು. ಎಂಥ ಸಂಗೀತವೂ ನನಗೆ ಅಷ್ಟು ಹಿತವೆನಿಸಿದ್ದಿಲ್ಲ. ಸಾಗರಕ್ಕೆ ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗಾದರೂ ಹೇಳಿಬಿಡಲೇ ಎಂದು ಹತ್ತು ಸಲ ಅನ್ನಿಸಿತು. ಅವರು ನಿದ್ದೆ ಮಾಡುತ್ತಿದ್ದದ್ದರಿಂದ ಬಚಾವಾದೆ.

ಮರುದಿನ ಮಾಲೀಕರು ಕರೆದರು. "ತೀರ್ಥಹಳ್ಳೀಲಿ ಒಂದು ಟಿಕೆಟ್ಟೂ ನಿಂತಿಲ್ಲ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿ, ಮುಂದಿನ ಮಾತಿಗೆ ಕಿವಿ ಅರಳಿಸಿ ನಿಂತೆ. "ಸುಮಿತ್ರಾ ಫೋನ್ ಮಾಡಿದ್ಲು. ನೀವು ಧೂಳು ಒರೆಸಿ ಹೋದ್ಮೇಲೆ ಮೆಷಿನ್ ಕುದುರೆ ಹಂಗೆ ಓಡ್ತಿದ್ಯಂತೆ. ಒರೆಸಿದ್ರೇ ಸಾಕಿತ್ತು ಅಂದ್ರೆ ಹೊಸವು ಯಾಕೆ ತರ್ಸಿದ್ರಿ ವಸುಧಮ್ಮ?"

ಪಾರ್ಸೆಲ್ಲಿನಲ್ಲಿ ವಾಪಸ್ ಬಂದಿದ್ದ ಹಳೆಯ ಸರ್ವರನ್ನು ಎತ್ತಿ ತಂದು ಮೇಜಿನ ಮೇಲಿಟ್ಟ ಮೇಲೆ ಮಾಲೀಕರು ನಂಬಿದರು. ಸುಮಿತ್ರಾ ಮಾತ್ರ ಇವತ್ತಿಗೂ ನಂಬಿಲ್ಲ. ತಿಂಗಳಿಗೊಮ್ಮೆ ಫೋನ್ ಮಾಡಿ, "ಅಕ್ಕ, ಮೆಷಿನ್ ಯಾಕೋ ನಿಧಾನ ಆಗಿದೆ. ಬರ್ತಾ ಆ ಬಟ್ಟೆ ತಗಂಡ್ ಬನ್ನಿ" ಎನ್ನುತ್ತಾಳೆ. ನಾನು ಹೋಗಿ ಒರೆಸುತ್ತೇನೆ. "ನಿಮ್ಮಷ್ಟು ಚೆನ್ನಾಗಿ ಯಾರಿಗೂ ಒರೆಸಕ್ಕೆ ಬರಲ್ಲ ಬಿಡಿ" ಎಂದು ಅವಳು ಎಲ್ಲರೆದುರು ಹೇಳುತ್ತಾಳೆ. ಹದಿನೆಂಟು ವರ್ಷದಲ್ಲಿ ಈ ಕಂಪನಿಯಲ್ಲಿ ನನ್ನನ್ನು ಇಷ್ಟು ಬಾಯಿತುಂಬ ಹೊಗಳಿದವರು ಇನ್ನೊಬ್ಬರಿಲ್ಲ. ಹಾಗಾಗಿ ಹೊರಡುವ ಮೊದಲು ಸ್ಟೂಲು ಹತ್ತಿ ಅವಳ ಫ್ಯಾನನ್ನೂ ಒರೆಸಿಯೇ ಬರುತ್ತೇನೆ.