ಗಾಳಿಪಟಕ್ಕೆ ಒತ್ತಡದ ಟೆಂಡರು

ಶಿರಸಿ ತಾಲೂಕಿಗೆ ಸಮುದ್ರವಿಲ್ಲ. ಈ ಸಂಗತಿ ಮೇಲಿನವರ ಗಮನಕ್ಕೆ ಬಂದದ್ದು ೨೦೦೪ರಲ್ಲಿ. ಅಷ್ಟು ಹೊತ್ತಿಗೆ ಸಮುದ್ರದ ಮೇಲೆ ಹಾರಿಸುವ ಗಾಳಿಪಟ ಶಿರಸಿಗೆ ಬಂದು, ಮುಟ್ಟಿದೆ ಎಂದು ಸಹಿಯೂ ಆಗಿಹೋಗಿತ್ತು. ಬಂದದ್ದನ್ನು ಹಿಂದಕ್ಕೆ ಕಳಿಸಬೇಕಾದರೆ ಅದು ಯಾಕೆ ಬಂತು ಎನ್ನುವುದಕ್ಕೆ ಯಾರಾದರೊಬ್ಬರು ಉತ್ತರ ಕೊಡಬೇಕಾಗುತ್ತದೆ. ಅದಕ್ಕಿಂತ ಒಂದು ಕಚೇರಿಯನ್ನೇ ತೆರೆಯುವುದು ಸುಲಭವೆಂದು ಕಂಡುಬಂದ ಕಾರಣ 'ಒಳನಾಡು ಜಲಕ್ರೀಡಾ ಪ್ರೋತ್ಸಾಹ ಕೋಶ' ಅಸ್ತಿತ್ವಕ್ಕೆ ಬಂದಿತು.

ಕೋಶದ ಅಧಿಕಾರಿಯಾಗಿ ಹಾವೇರಿ ಕಡೆಯ ಪರಮೇಶ್ವರಪ್ಪನವರು ನೇಮಕವಾದರು. ಅದಕ್ಕೆ ಮೊದಲು ಅವರು ಜಾನುವಾರು ಗಣತಿಯಲ್ಲಿದ್ದರು. ಹಾಗಂತ ನೀರಿನ ಅನುಭವವೇ ಇರಲಿಲ್ಲ ಎನ್ನುವಂತಿಲ್ಲ. ಎಮ್ಮೆಗಳನ್ನು ಎಣಿಸಿದ್ದು ಬಹುತೇಕ ಕೆರೆಗಳಲ್ಲೇ.

ಕೈಟ್ ಸರ್ಫಿಂಗ್ ಎಂಬ ಈ ಆಟದ ಗಾಳಿಪಟ ನಮ್ಮ ಮಕ್ಕಳು ಹಾರಿಸುವ ಕಾಗದದ ಪಟದ ಹಾಗಲ್ಲ. ಬಟ್ಟೆಯದು, ಒಂದು ಕೋಣೆಯಷ್ಟು ಅಗಲ. ಮುಂಭಾಗದ ಅಂಚಿನುದ್ದಕ್ಕೂ ತೊಡೆ ದಪ್ಪದ ಒಂದು ಕೊಳವೆ, ಅದರೊಳಗೆ ರಬ್ಬರಿನ ಟ್ಯೂಬು. ಅದಕ್ಕೆ ಪಂಪಿನಿಂದ ಗಾಳಿ ತುಂಬಿದರೆ ಪಟ ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತದೆ. ಹಗ್ಗ ಹಿಡಿದು ಹಲಗೆಯ ಮೇಲೆ ನಿಂತವರನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಟ್ಯೂಬಿನಲ್ಲಿ ಗಾಳಿ ಕಡಿಮೆಯಾದರೆ ಪಟ ಮಡಚಿಕೊಂಡು ನೀರಿಗೆ ಬೀಳುತ್ತದೆ. ಹೆಚ್ಚಾದರೆ ಟ್ಯೂಬು ಒಡೆಯುತ್ತದೆ.

ಇಷ್ಟನ್ನೂ ನಮಗೆ ತಿಳಿಸಿದವಳು ಗಗನಾ. ತ್ಯಾಗಲಿ ಕಡೆಯ ಹುಡುಗಿ. ಗೋವಾದ ಹೋಟೆಲೊಂದರಲ್ಲಿ ಬಂದವರಿಗೆ ಕೋಣೆಯ ಕೀಲಿ ಕೊಟ್ಟು ನಗುವ ಕೆಲಸದಲ್ಲಿದ್ದಳು. ಬಿಡುವಿನಲ್ಲಿ ಕಡಲಿಗಿಳಿದು ಈ ವಿದ್ಯೆ ಕಲಿತಳು. ಸುತ್ತಲಿನ ಮೂರು ತಾಲೂಕುಗಳಲ್ಲಿ ಇದು ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಕೋಶ ಅವಳನ್ನು ಹಂಗಾಮಿ ಬೋಧಕಿಯಾಗಿ ತೆಗೆದುಕೊಂಡಿತು. ಆದೇಶದಲ್ಲಿ ಒಂದು ಷರತ್ತಿತ್ತು: 'ಪರಿವೀಕ್ಷಣೆಯ ದಿನ ಗಾಳಿಪಟವು ಸರಿಯಾದ ಒತ್ತಡದಲ್ಲಿ ಹಾರತಕ್ಕದ್ದು. ಹಾರಿದಲ್ಲಿ ಬೋಧಕಿಯ ಹುದ್ದೆ ಕಾಯಂ ಆಗತಕ್ಕದ್ದು. ಹಾರದಿದ್ದಲ್ಲಿ ಹುದ್ದೆಯು ತನ್ನಷ್ಟಕ್ಕೆ ತಾನೇ ಇಲ್ಲವಾಗತಕ್ಕದ್ದು.'

ಅವಳಿಗೆ ಈ ಕೆಲಸ ಬೇಕೇ ಬೇಕಿತ್ತು. ಮತ್ತೆ ಹೋಗಿ ಕೀಲಿ ಕೊಟ್ಟು ನಗುವುದು ಅವಳಿಂದ ಸಾಧ್ಯವಿರಲಿಲ್ಲ. ತನ್ನ ಊರಿನ ನೀರಿನ ಮೇಲೆ ಒಮ್ಮೆಯಾದರೂ ನಿಲ್ಲಬೇಕು ಎನ್ನುವ ಆಸೆಯೂ ಇತ್ತು. ಆದರೆ ಆಸೆಗೆ ಆದೇಶದಲ್ಲಿ ಜಾಗ ಇರಲಿಲ್ಲ.

ಕೊಳವೆಯ ಬಾಯಿಯ ಪಕ್ಕದಲ್ಲೇ ಕಂಪನಿಯವರು ದೊಡ್ಡ ಅಕ್ಷರದಲ್ಲಿ ಏಳು ಪೌಂಡ್ ಎಂದು ಅಚ್ಚು ಹಾಕಿದ್ದರು. ಪಂಪಿಗೆ ಮುಳ್ಳಿನ ಮೀಟರೂ ಇತ್ತು. ಗಗನಾ ಇವೆರಡನ್ನೂ ಪರಮೇಶ್ವರಪ್ಪನವರಿಗೆ ತೋರಿಸಿದಳು.

"ಮುಳ್ಳು ಏಳಕ್ಕೆ ಬಂದಾಗ ನಿಲ್ಲಿಸಬೇಕು ಸರ್. ಆಮೇಲೆ ಉಗುರಲ್ಲಿ ಹೊಡೆದರೆ ಠಣ್ ಅನ್ನಬೇಕು. ಅಷ್ಟೇ."

"ಗಗನಾ ಅವರ, ಕುಂದರ್ರಿ," ಎಂದರು ಪರಮೇಶ್ವರಪ್ಪ. "ಏಳು ಅಂತ ಬರದವರು ಯಾರು?"

"ಕಂಪನಿಯವರು."

"ಕಂಪನಿಯವರು ಬರದದ್ದು ಕಂಪನಿಗೆ ಆತು. ಸರ್ಕಾರ ಏನು ಬರದೈತಿ ತೋರಸ್ರಿ. ನಾಳೆ ಯಾರರ ಕೇಳಿದ್ರ, ಏಳು ಯಾಕ, ಎಂಟು ಯಾಕಲ್ಲ, ಅಂದ್ರ ನಾ ಏನ್ ಹೇಳ್ಲಿ?"

ಮೀಟರಿನ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟಾಗಿದ್ದರು. ತಕ್ಕಡಿ, ಕೊಳಗಗಳಿಗೆಲ್ಲ ಸರ್ಕಾರದ ಮುದ್ರೆ ಇರುವಾಗ ಇದಕ್ಕಿರಲಿಲ್ಲ. ಮುದ್ರೆಯಿಲ್ಲದ ಉಪಕರಣವನ್ನು ನೋಡುವುದು ತಪ್ಪಾದೀತು ಎಂದು ಮೀಟರಿನ ಗಾಜಿಗೆ ಕಾಗದ ಸುತ್ತಿ ಅರಗಿನ ಮೊಹರು ಹಾಕಿಸಿದರು. ಆಮೇಲೆ ಸಲಹಾ ಸಮಿತಿಯ ಸಭೆ ಕರೆದರು.

ಸಲಹಾ ಸಮಿತಿಯಲ್ಲಿದ್ದವರೆಲ್ಲ ಅಡಿಕೆಯವರು. ಅಧ್ಯಕ್ಷರಾದ ದೇವರು ಹೆಗಡೆಯವರು ಅಡಿಕೆ ಸೊಸೈಟಿಯ ವ್ಯಾಪಾರಿ ಅಂಗಳದಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಜಗತ್ತಿನಲ್ಲಿ ಯಾವುದಕ್ಕೇ ಆಗಲಿ ಸರಿಯಾದ ಅಂಕಿ ಯಾವುದೆಂದು ಗೊತ್ತಾಗಬೇಕಾದರೆ ಇರುವ ದಾರಿ ಒಂದೇ ಎಂದು ಅವರು ನಂಬಿದ್ದರು.

"ಅಡಕೆ ರೇಟು ಹ್ಯಾಂಗೆ ಆಗ್ತು?" ಎಂದು ಅವರು ಸಭೆಯನ್ನು ಕೇಳಿದರು. "ರಾಶಿ ಹಾಕದು, ಬಂದವು ಮುಟ್ಟಿ ನೋಡದು, ಚೀಟಿ ಬರೆಯದು. ಹೆಚ್ಚು ಬರೆದವಂಗೆ ಆತು. ಇದ್ಕೂ ಹಂಗೇ ಟೆಂಡರ್ ಕರೆಯದು. ಇದ್ರಾಗೆ ಎಂತ ಕಷ್ಟ ಇದ್ದು?"

ಯಾರಿಗೂ ಕಷ್ಟ ಕಾಣಲಿಲ್ಲ. ಮರುದಿನ ಊರಿನ ಗೋಡೆಗಳ ಮೇಲೆ ಪ್ರಕಟಣೆ ಬಿತ್ತು:

'ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಕೋಶದ ಗಾಳಿಪಟದಲ್ಲಿ ಇರತಕ್ಕ ಒತ್ತಡದ ಬಗ್ಗೆ ಮೊಹರು ಮಾಡಿದ ಲಕೋಟೆಗಳಲ್ಲಿ ಟೆಂಡರು ಆಹ್ವಾನಿಸಲಾಗಿದೆ. ಅತಿ ಹೆಚ್ಚಿನ ಒತ್ತಡ ಬರೆದವರ ಅಂಕಿಯನ್ನು ಸರಿಯಾದ ಒತ್ತಡವೆಂದು ಘೋಷಿಸಿ, ಗಾಳಿ ಪೂರೈಕೆಯ ಗುತ್ತಿಗೆಯನ್ನು ಅವರಿಗೇ ವಹಿಸಲಾಗುವುದು. ಆಸಕ್ತರು ಗಾಳಿಪಟವನ್ನು ಮುಟ್ಟಿ ನೋಡಬಹುದು, ಮೂಸಿ ನೋಡಬಹುದು. ಕಚ್ಚಿ ನೋಡುವುದನ್ನು ನಿಷೇಧಿಸಲಾಗಿದೆ.'

ಟೆಂಡರಿನ ದಿನ ಪಟವನ್ನು ಕಚೇರಿಯ ಅಂಗಳದಲ್ಲಿ ಹರವಿದರು. ಜನ ಸುತ್ತ ಕೂತು ಹಿಚುಕಿದರು, ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದರು, ಕಳೆದ ವರ್ಷದ ಮಾಲು ಇದಕ್ಕಿಂತ ಚೆನ್ನಾಗಿತ್ತು ಎಂದು ತಲೆಯಾಡಿಸಿದರು. ಕಳೆದ ವರ್ಷ ಮಾಲೇ ಇರಲಿಲ್ಲವೆಂದು ಯಾರೂ ಹೇಳಲಿಲ್ಲ. ಹೇಳಿದರೆ ದರ ಇಳಿಯುವ ಭಯವಿತ್ತು.

ಗಗನಾ ಕೂಡ ಒಂದು ಲಕೋಟೆ ಹಾಕಿದಳು. ಅದರಲ್ಲಿ ಏಳು ಎಂದಿತ್ತು. ಲಕೋಟೆ ಒಡೆದ ದೇವರು ಹೆಗಡೆಯವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಅವರಿಗೆ ಪಾಪ ಅನ್ನಿಸಿದ್ದು ನಿಜ.

"ಎಂತದೇ ತಂಗಿ, ಕಡೇ ದರ್ಜೆ ಸಿಪ್ಪೆಗೋಟು ಅಡಕೆಗೂ ಇಷ್ಟು ಕಡಿಮೆ ಬರೆಯದಿಲ್ಲೆ. ನಿನ್ನ ಮಾಲಿಗೆ ನೀನೇ ಹೀಂಗೆ ಬರೆದ್ರೆ ಹ್ಯಾಂಗೆ?"

"ಹೆಗಡೇರೇ, ಅದ್ಕಿಂತ ಹೆಚ್ಚು ತುಂಬಿದ್ರೆ ಒಡೀತು. ಆನು ಎಷ್ಟು ಸಲ ಹೇಳವು?"

"ಒಡೆಯದು ಆಮೇಲಿನ ಮಾತು. ಈಗ ರೇಟು ನೋಡು."

ಸ್ಕೂಟರಿನವರು ಮೂವತ್ತು ಬರೆದಿದ್ದರು. ಟ್ರ್ಯಾಕ್ಟರಿನವರು ಐವತ್ತು. ಶುಭವಾಗಲಿ ಎಂದು ಒಬ್ಬರು ನೂರಾ ಒಂದು ಬರೆದಿದ್ದರು. ಕೊನೆಗೆ ಲಾರಿ ಟಯರಿನ ಅಂಗಡಿಯ ಸುಭಾಷ್ ಅವರ ನೂರಾ ಹತ್ತು ಗೆದ್ದಿತು. ಸುಭಾಷ್ ಪಟವನ್ನು ಮುಟ್ಟಿಯೂ ನೋಡಿರಲಿಲ್ಲ. ಅವರ ಕಂಪ್ರೆಸರಿನಿಂದ ಹೊರಡುವುದೇ ಅಷ್ಟು, ಅದನ್ನು ಬರೆದಿದ್ದರು. ಚಪ್ಪಾಳೆಯ ನಡುವೆ ಅವರಿಗೆ ಶಾಲು ಹೊದಿಸಲಾಯಿತು.

ಪರಿವೀಕ್ಷಣೆ ಬನವಾಸಿ ದಾರಿಯ ದೊಡ್ಡ ಕೆರೆಯ ಏರಿಯ ಮೇಲೆ ನಡೆಯಿತು. ಮೇಲಿನ ಕಚೇರಿಯ ಪರಿವೀಕ್ಷಕರು ಶಾಮಿಯಾನದ ಕೆಳಗೆ ಕೂತು ಚಾ ಕುಡಿಯುತ್ತಿದ್ದರು. ಸುಭಾಷ್ ಕಂಪ್ರೆಸರನ್ನು ಟೆಂಪೋದಲ್ಲಿ ತಂದಿದ್ದರು. ಗಗನಾ ಕಡೆಯ ಸಲ ಪರಮೇಶ್ವರಪ್ಪನವರ ಹತ್ತಿರ ಹೋದಳು.

"ಸರ್, ಪಟ ಒಡೆದರೆ ನನ್ನ ಕೆಲಸ ಹೋಗ್ತದೆ. ದಯವಿಟ್ಟು ಪಂಪಿನಲ್ಲಿ ತುಂಬಲು ಬಿಡಿ."

"ನೋಡ್ರಿ ಗಗನಾ ಅವರ, ಒತ್ತಡ ಮಂಜೂರಾಗೇತಿ. ಮಂಜೂರಾದ ಗಾಳಿ ಕಡಿಮಿ ಹಾಕಿದ್ರ ಉಳದದ್ದು ಎಲ್ಲಿ ಹೋತು ಅಂತ ನನ್ನ ಕೇಳ್ತಾರ."

ಕಂಪ್ರೆಸರಿನ ಕೊಳವೆ ಸಿಕ್ಕಿಸಿದರು. ಪಟ ಎದ್ದು ಕೂತಿತು, ಸೆಟೆದು ನಿಂತಿತು, ಹೊಲಿಗೆಗಳು ಕಿರುಗುಟ್ಟಿದವು. ನೂರಾ ಹತ್ತಕ್ಕೆ ಇನ್ನೂ ಬಹಳ ದೂರವಿರುವಾಗಲೇ ಢಂ ಎಂದು ಒಡೆಯಿತು. ಒಡೆದ ರಭಸಕ್ಕೆ ನೆಲ ಬಿಟ್ಟು ಜಿಗಿದು ಏರಿಯ ಮೇಲಿನ ಗೋಣಿ ಮರದ ಕೊಂಬೆಗೆ ಜೋತುಬಿತ್ತು. ಕೆರೆಯಲ್ಲಿದ್ದ ಎಮ್ಮೆಗಳು ದಡ ಹತ್ತಿ ಊರಿನ ಕಡೆ ಓಡಿದವು. ಪರಮೇಶ್ವರಪ್ಪನವರು ಹಳೆಯ ಅಭ್ಯಾಸದಿಂದ ಅವುಗಳನ್ನು ಎಣಿಸಿದರು.

ಗಗನಾ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳ ಪಾಲಿಗೆ ಎಲ್ಲ ಮುಗಿದಿತ್ತು.

ಪರಿವೀಕ್ಷಕರು ಚಾದ ಲೋಟ ಕೆಳಗಿಟ್ಟು ಕೇಳಿದರು, "ಏನಾಯಿತು?"

"ಹಾರಿತ್ರಿ ಸರ," ಎಂದರು ಪರಮೇಶ್ವರಪ್ಪ.

"ಎಷ್ಟು ಎತ್ತರ?"

"ಮರದಷ್ಟು."

ಪರಿವೀಕ್ಷಕರು ಮರವನ್ನು ನೋಡಿದರು. ಪಟ ನಿಸ್ಸಂಶಯವಾಗಿ ಮೇಲಿತ್ತು. ಕೆಳಗಿದ್ದದ್ದು ಮೇಲೆ ಹೋಗಿದೆ, ಮಂಜೂರಾದ ಒತ್ತಡದ ಗುತ್ತಿಗೆದಾರರೇ ಗಾಳಿ ಹಾಕಿದ್ದಾರೆ, ಆದ್ದರಿಂದ ಸರಿಯಾದ ಒತ್ತಡದಲ್ಲಿ ಹಾರಿದೆ ಎಂದು ಬರೆದು ಸಹಿ ಮಾಡಿದರು. ಸಮಿತಿಯವರೆಲ್ಲ ಕೆಳಗೆ ಸಹಿ ಹಾಕಿದರು. ಬೋಧಕಿಯ ಹುದ್ದೆ ಕಾಯಂ ಮಾಡಲು ಶಿಫಾರಸು ಹೋಯಿತು. ಗಗನಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಮಿತಿಯವರು ಅದನ್ನು ಸಂತೋಷವೆಂದು ತಿಳಿದು ಅವಳಿಗೊಂದು ಲಾಡು ಕೊಟ್ಟರು.

ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ಕಾಯಂ ಆದೇಶ ಬರುವುದರೊಳಗೆ ಆಷಾಢ ಬಂತು. ಬನವಾಸಿ ಕಡೆಯ ಬಯಲಿನಲ್ಲಿ ಆಷಾಢದ ಗಾಳಿ ಎಂದರೆ ನೆಟ್ಟಗೆ ನಿಂತವರನ್ನು ಓಡಿಸುವ ಗಾಳಿ. ಗಗನಾ ಅದನ್ನು ನೋಡುತ್ತ ಸುಮ್ಮನಿರಲಾರದೆ ಹುಡುಗನೊಬ್ಬನನ್ನು ಮರ ಹತ್ತಿಸಿ ಪಟ ಇಳಿಸಿದಳು. ಸುಭಾಷ್ ಅವರ ಅಂಗಡಿಯಲ್ಲೇ ಕೂತು ಟ್ಯೂಬಿಗೆ ಪಂಕ್ಚರ್ ಹಾಕಿದಳು, ಬಟ್ಟೆ ಹೊಲಿದಳು. ಸುಭಾಷ್ ಬೇಡವೆನ್ನಲಿಲ್ಲ. ಪಂಕ್ಚರ್ ಅವರ ಗುತ್ತಿಗೆಯ ಷರತ್ತುಗಳಲ್ಲಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಕೆರೆಯ ದಡದಲ್ಲಿ ಪಂಪನ್ನಿಟ್ಟುಕೊಂಡು, ಮೀಟರಿನ ಮೇಲಿನ ಅರಗನ್ನು ಉಗುರಿನಿಂದ ಕೆರೆದು ಕಾಗದ ಬಿಚ್ಚಿದಳು. ತುಂಬಿದಳು. ಮುಳ್ಳು ಏಳಕ್ಕೆ ಬಂತು. ನಿಲ್ಲಿಸಿದಳು. ಬೆರಳಿನಿಂದ ಹೊಡೆದಾಗ ಠಣ್ ಎಂದಿತು. ಹಲಗೆ ಕಾಲಿಗೆ ಸಿಕ್ಕಿಸಿ, ಹಗ್ಗ ಹಿಡಿದು ನೀರಿಗಿಳಿದಳು.

ಆಮೇಲೆ ಆದದ್ದನ್ನು ಏರಿಯ ಮೇಲಿದ್ದ ಎಲ್ಲರೂ ನೋಡಿದೆವು. ನಾನೂ ಇದ್ದೆ, ದೇವರು ಹೆಗಡೆಯವರೂ ಇದ್ದರು. ಪಟ ಎದ್ದು ನಿಂತಿತು. ಹುಡುಗಿ ನೀರಿನಿಂದ ಎದ್ದು ನಿಂತಳು. ಈ ದಡದಿಂದ ಆ ದಡಕ್ಕೆ ನೀರು ಸೀಳಿಕೊಂಡು ಹೋದಳು, ತಿರುಗಿದಳು, ಮತ್ತೆ ಬಂದಳು. ನಡುವೆ ಒಮ್ಮೆ ನೀರು ಬಿಟ್ಟು ಗಾಳಿಯಲ್ಲೇ ಒಂದು ಗಳಿಗೆ ನಿಂತಳು. ಜೋರಾಗಿ ಕೂಗುತ್ತಿದ್ದಳು, ಸಂತೋಷಕ್ಕೆ. ಹೆಗಡೆಯವರು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿಯುವುದನ್ನು ಮರೆತು ನುಂಗಿಬಿಟ್ಟರು.

ಮರುದಿನ ಅವಳಿಗೆ ನೋಟಿಸು ಬಂತು: 'ಮಂಜೂರಾಗದ ಒತ್ತಡದಲ್ಲಿ ಹಾರಿದ ಬಗ್ಗೆ ವಿವರಣೆ ನೀಡತಕ್ಕದ್ದು.' ಪರಮೇಶ್ವರಪ್ಪನವರು ಅವಳನ್ನು ಕೂರಿಸಿಕೊಂಡು ಬೇಸರದಿಂದಲೇ ಮಾತಾಡಿದರು.

"ಗಗನಾ ಅವರ, ನಿನ್ನೆ ನೀವು ಹಾರಿದ್ದು ಖರೇ ಅಂದ್ರ, ಅವತ್ತು ಹಾರಿದ್ದು ಸುಳ್ಳಾಗತೈತಿ. ಅವತ್ತಿಂದು ಸುಳ್ಳಾದ್ರ ನಿಮ್ಮ ಕೆಲಸ ಹೋತು, ನಂದೂ ಹೋತು, ಸಹಿ ಮಾಡಿದವರದ್ದೆಲ್ಲಾ ಹೋತು. ನಿನ್ನೆ ಮಧ್ಯಾಹ್ನ ಆಫೀಸಿನಾಗ ಇದ್ದೆ ಅಂತ ಒಂದು ಮಾತು ಬರಕೊಡ್ರಿ. ಕಾಯಂ ಆರ್ಡರ್ ಟೇಬಲ್ ಮ್ಯಾಲೆ ಐತಿ."

ಆದೇಶ ನಿಜವಾಗಿಯೂ ಮೇಜಿನ ಮೇಲಿತ್ತು. ಅವಳು ತುಂಬ ಹೊತ್ತು ಅದನ್ನು ನೋಡಿದಳು. ಅವಳ ಕೂದಲು ಇನ್ನೂ ಕೆರೆಯ ನೀರಿನ ವಾಸನೆ ಹೊಡೆಯುತ್ತಿತ್ತು. ಪೆನ್ನು ಕೇಳಿ ತೆಗೆದುಕೊಂಡು ಬರೆದುಕೊಟ್ಟಳು.

ಈಗ ಒತ್ತಡದ ಟೆಂಡರು ಪ್ರತಿ ವರ್ಷ ಸುಸೂತ್ರವಾಗಿ ನಡೆಯುತ್ತದೆ. ಹಿಂದಿನ ವರ್ಷಕ್ಕಿಂತ ಕಡಿಮೆ ಬರೆಯುವಂತಿಲ್ಲ ಎಂಬ ನಿಯಮ ಬಂದಿದೆ. ಲಕೋಟೆಗಳನ್ನು ಒಡೆದು ಓದುವವಳು ಕಾಯಂ ಬೋಧಕಿ ಗಗನಾ. ಪಟವನ್ನು ಕಬ್ಬಿಣದ ಕಪಾಟಿನಲ್ಲಿಟ್ಟು, ಅದಕ್ಕೆ ಗಾಳಿ ತಾಗಬಾರದೆಂದು ಬೀಗ ಹಾಕಲಾಗಿದೆ. ಸಿದ್ದಾಪುರ ಮತ್ತು ಯಲ್ಲಾಪುರದವರು ನಮಗೂ ಇಂಥದೊಂದು ಕೋಶ ಬೇಕೆಂದು ಮನವಿ ಕೊಟ್ಟಿದ್ದಾರೆ.

ಕಳೆದ ಸಲದ ಟೆಂಡರು ಮುಗಿದು ಎಲ್ಲರೂ ಎದ್ದ ಮೇಲೆ ದೇವರು ಹೆಗಡೆಯವರು ಸ್ವಲ್ಪ ಹಿಂದೆ ಉಳಿದರು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ತಂಗಿ, ಆ ವರ್ಷ ಆಷಾಢದಲ್ಲಿ ಕೆರೆ ಮೇಲೆ ಒಂದು ಹೆಣ್ಣುಕೂಸು ಹಾರ್ತಾ ಇತ್ತು. ಭಾರೀ ಚೊಲೋ ಇತ್ತು ನೋಡು. ಯಾರು ಅದು?"

ಗಗನಾ ಲಕೋಟೆಗಳನ್ನು ಜೋಡಿಸುತ್ತಲೇ ಹೇಳಿದಳು:

"ಯಂಗೆ ಗೊತ್ತಿಲ್ಲೆ ಹೆಗಡೇರೇ. ಆನು ಆಫೀಸಲ್ಲಿದ್ದಿದ್ದೆ."