ಗೋಧಿ ಬಣ್ಣದ ಕೈಯೂ ಕೂದಲು ತೆಗೆಯುವ ಯಂತ್ರವೂ

ಯಾದಗಿರಿ ಕಡೆಯವರಾದ ನಾವೆಲ್ಲ ಜೋಳದ ರೊಟ್ಟಿ ತಿಂದು ಬೆಳೆದವರು. ಆದರೆ ಮದುವೆಯ ಬಯೋಡಾಟಾದಲ್ಲಿ ಎಲ್ಲರದೂ ಗೋಧಿ ಬಣ್ಣ. ಇಂಥ ನೆತ್ತಿ ಸುಡುವ ಬಿಸಿಲಿನ ಜಿಲ್ಲೆಯಲ್ಲಿ ಒಬ್ಬರಾದರೂ ಕಪ್ಪಗಿರಬೇಕಲ್ಲ ಎಂದು ಯಾರೂ ಕೇಳುವುದಿಲ್ಲ. ನನ್ನ ಮದುವೆಗೆ ನಮ್ಮಪ್ಪನೂ ಹಾಗೆಯೇ ಬರೆದಿದ್ದ. ಈಗ ನಮ್ಮ ಬಳಗದ ಬಯೋಡಾಟಾಗಳನ್ನೆಲ್ಲ ಟೈಪ್ ಮಾಡಿಕೊಡುವವಳು ನಾನು. ಟೀಚರಮ್ಮ ಬರೆದರೆ ತಪ್ಪಿರುವುದಿಲ್ಲ ಎಂಬ ನಂಬಿಕೆ ಅವರದು. ಹೆಸರು, ಎತ್ತರ, ಓದು ಎಲ್ಲವನ್ನೂ ಕೇಳಿ ಬರೆಯುತ್ತೇನೆ. ಬಣ್ಣ ಮಾತ್ರ ಕೇಳುವುದಿಲ್ಲ. ಸುಮ್ಮನೆ ಯಾರ ಮನಸ್ಸು ಯಾಕೆ ನೋಯಿಸುವುದು?

ಶಹಾಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೊಸ ಯಂತ್ರ ಕಂಡರೆ ಅದರ ಹೊಟ್ಟೆಯೊಳಗೇನಿದೆ ಎಂದು ತಿಳಿಯುವವರೆಗೂ ನನಗೆ ಸಮಾಧಾನವಿಲ್ಲ. ಸಾಲದ್ದಕ್ಕೆ ಈಚೆಗೆ ನನ್ನ ಗದ್ದದ ಮೇಲೆ ನಾಲ್ಕು ಕೂದಲು ಮೊಳೆತಿದ್ದವು. (ನಾಲ್ಕು ಎಂಬುದೂ ಬಯೋಡಾಟಾದ ಲೆಕ್ಕವೇ ಅನ್ನಿ.) ಮನೆಯಲ್ಲೇ ಕೂತು ಬೆಳಕಿನಿಂದ ಕೂದಲು ತೆಗೆಯಿರಿ ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡದ್ದೇ ತಡ, ತರಿಸಿಬಿಟ್ಟೆ. ನಮ್ಮ ಮನೆಯವರು ಅದನ್ನು ತಿರುಗಿಸಿ ನೋಡಿ, "ಇದರಾಗ ಕರೆಂಟ್ ಹೊಡದ್ರ ಕೂದ್ಲಷ್ಟೇ ಅಲ್ಲ, ನೀನೂ ಹೋಗ್ತಿ" ಎಂದು ಹೇಳಿ ಮಾರು ದೂರ ಕೂತರು. ಹಿಗ್ಗಿದವಳು ರೇಣುಕಾ. ಸುರಪುರದಲ್ಲಿರುವ ನನ್ನ ತಮ್ಮನ ಮಗಳು, ಬಿ.ಎಡ್. ಓದಲು ನಮ್ಮ ಮನೆಯಲ್ಲಿದ್ದಾಳೆ. ಮುಂದಿನ ಭಾನುವಾರ ವಡಗೇರಾದಿಂದ ಗಂಡಿನವರು ಅವಳನ್ನು ನೋಡಲು ಬರುವವರಿದ್ದರು. "ಅತ್ತಿ, ಮೊದ್ಲ ನನ್ನ ಕೈಗಿ ಮಾಡು" ಎಂದು ಮುಂಗೈ ಚಾಚಿದಳು. ಇದರ ಫಲ ಕಾಣಲು ತಿಂಗಳುಗಟ್ಟಲೆ ಬೇಕು ಎಂದು ಜೊತೆಗಿದ್ದ ಪುಸ್ತಕದಲ್ಲೇ ಬರೆದಿತ್ತಂತೆ. ಆದರೆ ಆ ಪುಸ್ತಕ ಓದುವ ವ್ಯವಧಾನ ಯಾರಿಗಿತ್ತು?

ಯಂತ್ರಕ್ಕೆ ಐದು ಹಂತ. ಬೆಳ್ಳಗಿನ ಚರ್ಮಕ್ಕೆ ಜೋರು ಬೆಳಕು, ಬಣ್ಣ ಗಾಢವಾದಷ್ಟೂ ಮೆಲ್ಲಗಿನದು. ನಾನು ಹಿಂದೆಮುಂದೆ ನೋಡದೆ ಗೋಧಿ ಬಣ್ಣದ ಹಂತಕ್ಕೆ ಇಟ್ಟೆ. ಅವಳ ಬಯೋಡಾಟಾ ಬರೆದವಳು ನಾನೇ ತಾನೆ? ಬೆಳಕು ಬೇರಿಗೇ ತಾಕಲೆಂದು, ಜಾಹೀರಾತಿನಲ್ಲಿ ಹೇಳಿದಂತೆ ಅವಳು ಮೊದಲು ಕೈಯ ಕೂದಲು ಬೋಳಿಸಿಕೊಂಡು ಬಂದಳು. "ಬೆಳಕು ನೋಡಬ್ಯಾಡ, ಮಾರಿ ಆ ಕಡಿ ತಿರುಗಿಸು" ಎಂದೆ. ಆ ಕಡೆ ತಿರುಗಿದವಳ ಕಣ್ಣಿಗೆ ಆ ಪುಸ್ತಕವೇ ಬಿತ್ತು. ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಕೈ ಎಳೆದುಕೊಂಡಳು. ಅದರಲ್ಲಿ ಆರು ಬಣ್ಣದ ಚೌಕಗಳಿದ್ದವು, ಅವಳ ಕೈ ಹೊಂದಿದ್ದು ಕೊನೆಯ ಚೌಕಕ್ಕೆ. ಅದರ ಮೇಲೆ ಕೆಂಪು ಅಡ್ಡಗೆರೆ. "ಅತ್ತಿ, ಈ ಬಣ್ಣದವ್ರು ಬಳಸಬಾರದು ಅಂತ ಬರ್ದಾರ" ಎಂದಳು. "ಇಲ್ಲಿ ಬೆಳಕು ಕಮ್ಮಿ ಅದ, ಖಿಡಕಿ ಕಡಿ ಬಾ" ಎಂದೆ. ಕಿಟಕಿಯ ಹತ್ತಿರವೂ ಕೊನೆಯ ಚೌಕವೇ. ಅಂಗಳಕ್ಕೆ ಕರೆದೊಯ್ದೆ. ಸಾಬೂನು ಹಚ್ಚಿ ಕೈ ತೊಳೆಸಿದೆ. "ಬಿಸಿಲಾಗ ಕಾಲೇಜಿಗಿ ಹೋಗಿ ಹೋಗಿ ಹಿಂಗಾಗ್ಯದ" ಎಂದು ರಟ್ಟೆಯ ಒಳಬದಿಯನ್ನೂ ನೋಡಿದೆ. ಚೌಕ ಬದಲಾಗಲಿಲ್ಲ.

ಕೊನೆಗೆ ಕೂತು ಆ ಪುಸ್ತಕ ಓದಿದೆ. ಈ ಬೆಳಕು ಕಪ್ಪನ್ನೇ ಹುಡುಕಿಕೊಂಡು ಹೋಗುತ್ತದಂತೆ. ಕೂದಲ ಬೇರಿನ ಕಪ್ಪನ್ನು ಹಿಡಿದು ಕಾಯಿಸುತ್ತದೆ. ಚರ್ಮವೂ ಕಪ್ಪಗಿದ್ದರೆ ಚರ್ಮವನ್ನೇ ಸುಡುತ್ತದೆ. ಹಚ್ಚೆಯ ಮೇಲೆ, ಮಚ್ಚೆಯ ಮೇಲೆ ಹಿಡಿಯಲೇಬಾರದು. ಯಾರೇ ಆದರೂ ಮೊದಲು ಒಂದು ಚೂರು ಜಾಗದಲ್ಲಿ ಮಾಡಿ ಒಂದು ದಿನ ಕಾಯಬೇಕು. ಕಪ್ಪು ಬಟ್ಟೆ ಬಿಸಿಲಿಗೆ ಬೇಗ ಕಾಯುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು! ಭಾನುವಾರ ಆ ಹುಡುಗಿ ಬೊಬ್ಬೆ ಎದ್ದ ಕೈಯಲ್ಲಿ ಚಹಾ ಹಿಡಿದು ನಿಲ್ಲಬೇಕಾಗುತ್ತಿತ್ತಲ್ಲ ಎಂದು ನೆನೆದು ಮೊದಲು ಯಂತ್ರದ ಪ್ಲಗ್ ಕಿತ್ತೆ. ಅವಳು ಹುಟ್ಟಿದಂದಿನಿಂದ ನಮ್ಮ ಬಳಗದಲ್ಲಿ ಯಾರೂ ಅವಳೆದುರು ಆಡದ ಮಾತನ್ನು ನಾನು ಆಡಬೇಕಾಯಿತು. "ಯವ್ವಾ, ಇದು ನಿನಗ ಬ್ಯಾಡ. ನೀ ಸ್ವಲ್ಪ... ಕಪ್ಪಗಿದ್ದಿ."

ಅತ್ತರೆ ಕಣ್ಣೊರೆಸಲು ಸೆರಗು ಹಿಡಿದುಕೊಂಡೇ ಕೂತಿದ್ದೆ. ಅವಳು ನಕ್ಕುಬಿಟ್ಟಳು. "ಕನ್ನಡಿ ನಾನೂ ನೋಡ್ತೀನಿ ಅತ್ತಿ. ಮಷೀನಿಗಿ ಸುಳ್ಳ ಹೇಳಿದ್ರ ಕೈ ಸುಡ್ತದ. ವಡಗೇರಾದವ್ರಿಗಿ ಯಾಕ ಹೇಳಿದಿ?" ನನಗೆ ನಾಚಿಕೆಯಾಯಿತು. ಅವಳೇ ನನ್ನ ಮೊಬೈಲ್ ತೆಗೆದುಕೊಂಡು ಗೋಧಿ ಅಳಿಸಿ, ಕಪ್ಪು ಎಂದು ಬರೆದು, ಮತ್ತೊಮ್ಮೆ ಅವರಿಗೆ ಕಳಿಸಿದಳು. "ಬರೋರಿದ್ರ ಬರ್ತಾರ" ಎಂದಳು. ಸಂಜೆಯತನಕ ನಾನು ಮೊಬೈಲ್ ಕೆಳಗಿಡಲಿಲ್ಲ. ಆರು ಗಂಟೆಗೆ ಉತ್ತರ ಬಂತು: "ಹನ್ನೊಂದಕ್ಕ ಬರ್ತೀವ್ರಿ. ನಮ್ಮ ಹುಡುಗನೂ ಗೋಧಿ ಏನಲ್ರಿ."

ಆ ಖುಷಿಯಲ್ಲಿ, ತರಿಸಿದ ಯಂತ್ರ ನನಗಾದರೂ ಆಗಲಿ ಎಂದು ನನ್ನ ಕೈಯನ್ನು ಚೌಕಗಳ ಪಕ್ಕ ಹಿಡಿದು ನೋಡಿದೆ. ನಾಲ್ಕನೆಯದಕ್ಕೆ ಹೊಂದಿತು; ಮೆಲ್ಲಗಿನ ಹಂತದಲ್ಲಿ ಅಡ್ಡಿಯಿಲ್ಲ. ಗದ್ದ ಮುಂದೆ ಮಾಡಿ ಕೂತೆ. ರೇಣುಕಾ ಮೊಬೈಲಿನ ಟಾರ್ಚ್ ಹಾಕಿ ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಗದ್ದ ನೋಡಿದಳು. "ಅತ್ತಿ, ನಿನಗೂ ಬರಂಗಿಲ್ಲ. ಬಿಳಿ ಕೂದ್ಲಿಗಿ ಈ ಬೆಳಕು ಹತ್ತಂಗಿಲ್ಲಂತ. ನಿನ್ನವು ಎಲ್ಲಾ ಬೆಳ್ಳಗಾಗ್ಯಾವ" ಎಂದಳು.

ಹುಟ್ಟಿದಂದಿನಿಂದ ನನ್ನಲ್ಲಿ ಏನಾದರೂ ಬೆಳ್ಳಗಿದೆ ಎಂದು ಯಾರೂ ಅಂದಿರಲಿಲ್ಲ. ಮೊದಲ ಸಲ ಒಬ್ಬಳು ಅಂದಳು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.