ಸುಧಾರಣೆ ಮಾತ್ರ ಬೇಡ!

"ಈ ವರ್ಷ ತೆರಿಗೆ ಇಲಾಖೆಗೆ ಏಳು ಕೆರೆ ನೀರು ಕುಡಿಸದೇ ಇದ್ರೆ ನನ್ನ ಹೆಸರು ಆರ್ವಿಡ್ ಕೋಸ್ಕೆಲಾನೇ ಅಲ್ಲ!" ಎಂದು ನಾನು ಬೆಳಗಿನ ಕಾಫಿಯ ಮೇಜು ಗುದ್ದಿ ಘೋಷಿಸಿದೆ.

ನನ್ನ ಹೆಂಡತಿ ಮಾರ್ಲಿಸ್ ಚೆಲ್ಲಿದ ಕಾಫಿ ಒರೆಸುತ್ತಾ, "ಹಾಗಾದ್ರೆ ಈಗ್ಲೇ ಒಂದು ಬೇರೆ ಹೆಸರು ಯೋಚಿಸಿಟ್ಕೋ" ಎಂದಳು. ನಲವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದ ಗಂಡನ ಬುದ್ಧಿವಂತಿಕೆಯ ಮೇಲೆ ಆಕೆಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಅವಳೇ ಸರಿ ಎಂದು ಈಗ ಒಪ್ಪಿಕೊಳ್ಳುತ್ತಿದ್ದೇನೆ. ನಗುವುದಾದರೆ ಧಾರಾಳವಾಗಿ ನಗಿ.

ಉತ್ತರದ ಚಳಿಸೀಮೆಯ ಡುಲೂತ್ ಊರಿನಲ್ಲಿ, ಸರೋವರದ ಗಾಳಿ ನೇರ ಬಂದು ಬಡಿಯುವ ಗುಡ್ಡದ ಮೇಲೆ ನಮ್ಮದೊಂದು ಎರಡಂತಸ್ತಿನ ಮನೆ. ಕೆಳಗೆ ನಾವು. ಮೇಲೆ ಹನ್ನೊಂದು ವರ್ಷದಿಂದ ಬಾಡಿಗೆಗಿರುವವರು ಮಿಸೆಸ್ ಲುಂಡೀನ್. ಎಂಬತ್ತೆರಡು ವರ್ಷ, ಶಾಲೆಯ ಅಡುಗೆಮನೆಯಲ್ಲಿ ದುಡಿದ ಜೀವ. ವಾರಕ್ಕೆ ಮೂರು ಸಲ ಜಡೆಯಂತೆ ಹೆಣೆದ ಏಲಕ್ಕಿ ಬ್ರೆಡ್ಡು ಮಾಡಿ, ಅರ್ಧವನ್ನು ಬಿಸಿಬಿಸಿಯಾಗಿ ಕೆಳಗೆ ತಂದುಕೊಡುತ್ತಾರೆ.

"ನೋಡು, ಮನೆ ಮಾಲೀಕ ಅಂದ್ರೆ ಹೀಗಿರ್ಬೇಕು! ನೈವೇದ್ಯ ತಾನಾಗೇ ಬರುತ್ತೆ" ಎಂದು ನಾನು ಬೆಣ್ಣೆ ಸವರುತ್ತಾ ಬೀಗುತ್ತಿದ್ದೆ.

"ಅವರು ಮನೆಯೊಳಗೂ ಉಣ್ಣೆ ಟೋಪಿ ಹಾಕ್ಕೊಂಡಿರ್ತಾರೆ. ಮೇಲೆ ಚಳಿ ಏನೋ, ಸ್ವಲ್ಪ ನೋಡ್ಬಾರ್ದಾ?"

"ಅಯ್ಯೋ, ಅದು ಫ್ಯಾಷನ್ನು ಕಣೇ!"

ನವೆಂಬರಿನಲ್ಲಿ ಮೇಲಿನ ಮನೆಯ ಬಾಯ್ಲರ್ ನೆಲಮಾಳಿಗೆಯಲ್ಲಿ ಗೊರಗೊರ ಕೆಮ್ಮತೊಡಗಿತು. ಬಿಸಿನೀರನ್ನು ಕೋಣೆಕೋಣೆಯ ಕಬ್ಬಿಣದ ರೇಡಿಯೇಟರಿಗೆ ಹತ್ತಿಸಿ ಮನೆ ಬೆಚ್ಚಗಿಡುವುದು ಅದರ ಕೆಲಸ. ರಿಪೇರಿಯ ಡ್ವೇನ್ ಬಂದು ಒಂದು ಸುತ್ತು ಹಾಕಿ, "ಇದು ನಿನಗಿಂತ ಹಿರೀದು. ಮರ್ಯಾದೆಯಿಂದ ಕಳಿಸಿಕೊಟ್ಟು ಹೊಸದು ಹಾಕ್ಸು" ಎಂದ.

ನಾನು ನಮ್ಮ ತೆರಿಗೆ ಲೆಕ್ಕ ಬರೆಯುವ ಬರ್ನೀಸಳಿಗೆ ಫೋನು ಮಾಡಿದೆ.

"ನೋಡು ಆರ್ವಿಡ್, ಕೆಟ್ಟಿದ್ದನ್ನ ಮೊದಲಿನ ಹಾಗೆ ಮಾಡಿದ್ರೆ ಅದು ದುರಸ್ತಿ. ಆ ಖರ್ಚನ್ನ ಈ ವರ್ಷದ ಬಾಡಿಗೆ ಆದಾಯದಲ್ಲೇ ಕಳೀಬಹುದು. ಪೂರ್ತಿ ಹೊಸ ಬಾಯ್ಲರ್ ಹಾಕಿದ್ರೆ ಅದು ಸುಧಾರಣೆ. ಅದನ್ನ ಇಪ್ಪತ್ತೇಳೂವರೆ ವರ್ಷ ಚೂರುಚೂರೇ ಕಳೀಬೇಕು."

ಇಪ್ಪತ್ತೇಳೂವರೆ ವರ್ಷ! ನನಗೀಗ ಅರವತ್ತೆಂಟು. ಕೊನೆಯ ಚೂರು ಕೈಗೆ ಬರುವಾಗ ತೊಂಬತ್ತೈದೂವರೆ!

"ಆ ಅರ್ಧ ವರ್ಷ ನಿನಗೆ ಬೋನಸ್ಸು" ಎಂದಳು ಮಾರ್ಲಿಸ್.

ಅಲ್ಲೇ ನನ್ನ ತಲೆಯಲ್ಲಿ ಮಹಾಮಂತ್ರವೊಂದು ಹೊಳೆಯಿತು: ದುರಸ್ತಿಗೆ ಜಯವಾಗಲಿ, ಸುಧಾರಣೆಗೆ ಧಿಕ್ಕಾರ! ತಕ್ಷಣ ನೆಲಮಾಳಿಗೆಗೆ ಇಳಿದು ಡ್ವೇನನಿಗೆ ರಾಜಾಜ್ಞೆ ಹೊರಡಿಸಿದೆ.

"ಪಂಪು ಬದಲಾಯಿಸು, ವಾಲ್ವು ಬದಲಾಯಿಸು. ಆದ್ರೆ ಜೋಕೆ! ಮೊದಲಿಗಿಂತ ಒಂದು ಕೂದಲೆಳೆಯಷ್ಟೂ ಚೆನ್ನಾಗಿ ಆಗಕೂಡ್ದು."

ಡ್ವೇನ್ ಸ್ಪ್ಯಾನರ್ ಕೆಳಗಿಟ್ಟ. "ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಮಾರಾಯ. ಚೆನ್ನಾಗಿ ಮಾಡ್ಬೇಡ ಅಂದ ಗಿರಾಕಿ ನೀನೇ ಮೊದಲು."

ಸಂಜೆ ಮೇಲಿನಿಂದ ಇಳಿದು ಬಂದ ಡ್ವೇನ್ ಕೈ ಒರೆಸಿಕೊಳ್ಳುತ್ತಾ ಕೇಳಿದ: "ಅಜ್ಜಿ ಮಲಗೋ ಕೋಣೆ ರೇಡಿಯೇಟರ್ ತಣ್ಣಗೆ ಕೊರೀತಿದೆ. ಒಳಗೆ ಕಟ್ಕೊಂಡಿದೆ. ಅರ್ಧ ಗಂಟೆ ಕೆಲಸ, ಮಾಡಿಬಿಡ್ಲಾ?"

"ಮೊದಲು ಬಿಸಿ ಆಗ್ತಿತ್ತಾ?"

"ಹತ್ತು ವರ್ಷದಿಂದ ಆದ ಹಾಗಿಲ್ಲ."

"ಹಾಗಾದ್ರೆ ಮುಟ್ಬೇಡ! ಸುಧಾರಣೆ ಆಗಿಬಿಡುತ್ತೆ!"

ಹೌದು, ಈ ಮಾತನ್ನು ನನ್ನ ಬಾಯಿಂದಲೇ ಹೇಳಿದೆ. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಹೇಳಿದ್ದು ಹೇಳಿದ್ದೇ.

ಇಷ್ಟಕ್ಕೇ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ನನಗೆ ಸಾಕ್ಷಿ ಬೇಕೆನಿಸಿತು! ನಾಳೆ ಇಲಾಖೆಯವರು ಕೇಳಿದರೆ ಮುಖಕ್ಕೆ ಹಿಡಿಯಲು ಒಂದು ಕಾಗದ ಬೇಡವೇ? ಮೆಟ್ಟಿಲು ಹತ್ತಿದೆ. ಮಿಸೆಸ್ ಲುಂಡೀನ್ ಕೋಟು, ಟೋಪಿಯಲ್ಲೇ ಬಾಗಿಲು ತೆಗೆದು ಕಾಫಿ ಕೊಟ್ಟರು.

"ಬಿಸಿ ಹೇಗಿದೆ ಈಗ?"

"ಅಷ್ಟೇನೂ ಕೆಟ್ಟದಾಗಿಲ್ಲ ಕಣಪ್ಪ."

ನಮ್ಮ ಸೀಮೆಯಲ್ಲಿ ಯಾರೂ ದೂರುವುದಿಲ್ಲ. ಮನೆಯ ಮೇಲೆ ಮರ ಬಿದ್ದರೂ "ಅಷ್ಟೇನೂ ಕೆಟ್ಟದಾಗಿಲ್ಲ, ಇನ್ನೂ ದೊಡ್ಡ ಮರ ಬೀಳ್ಬಹುದಿತ್ತು" ಎನ್ನುತ್ತೇವೆ. ಈ ಮಾತು ಕೇಳಿದೊಡನೆ ಕೇಳಿದವನು ಕೊಡಲಿ ಹಿಡಿದು ನೆರವಿಗೆ ಓಡಬೇಕು. ಅದು ಇಲ್ಲಿಯ ಮಗುವಿಗೂ ಗೊತ್ತು. ನನಗೂ ಗೊತ್ತು. ಆದರೆ ಆ ದಿನ ನನ್ನ ಕಿವಿಗೆ ಬೇಕಾದದ್ದೇ ಬೇರೆ.

"ಮೊದಲಿಗಿಂತ ಚೆನ್ನಾಗೇನೂ ಆಗಿಲ್ಲ ತಾನೇ?"

"ಛೆ ಛೆ, ಹಾಗೇನೂ ಆಗಿಲ್ಲ."

"ಭೇಷ್! ಅದನ್ನೇ ಒಂದು ಕಾಗದದಲ್ಲಿ ಬರ್ಕೊಡ್ತೀರಾ? ಮೊದಲು ಹೇಗಿತ್ತು, ಈಗ ಹೇಗಿದೆ, ಎಲ್ಲಾ."

"ಎಲ್ಲಾನೂ ಬರೀಲಾ?" ಅವರು ಕನ್ನಡಕದ ಮೇಲಿಂದ ನೋಡಿದರು.

"ಒಂದಕ್ಷರ ಬಿಡ್ಬೇಡಿ!"

ಮರುದಿನ ಬ್ರೆಡ್ಡಿನ ಜೊತೆ ಅಂಟಿಸಿದ ಲಕೋಟೆ ಬಂತು. ಒಡೆಯದೆ ಕೊಟ್ಟರೆ ಸಾಕ್ಷಿಗೆ ತೂಕ ಹೆಚ್ಚು ಎಂದು ಹಾಗೆಯೇ ಎತ್ತಿಟ್ಟೆ. ಬ್ರೆಡ್ಡನ್ನು ಮಾತ್ರ ಎತ್ತಿಡಲಿಲ್ಲ.

ಫೆಬ್ರವರಿಯಲ್ಲಿ ನಾನೂ ಮಾರ್ಲಿಸಳೂ ಬರ್ನೀಸಳ ಆಫೀಸಿನಲ್ಲಿ ಕುಳಿತೆವು. ದಿಗ್ವಿಜಯದ ಧ್ವಜ ನೆಡುವವನಂತೆ ಲಕೋಟೆಯನ್ನು ಮೇಜಿನ ಮೇಲಿಟ್ಟು, "ಗಟ್ಟಿಯಾಗಿ ಓದು, ಇವಳೂ ಕೇಳಲಿ!" ಎಂದೆ. ಬರ್ನೀಸ್ ಓದಿದಳು:

"ಸಂಬಂಧಪಟ್ಟವರಿಗೆ. ಆರ್ವಿಡ್ ಕೋಸ್ಕೆಲಾ ಒಳ್ಳೆಯ ಮನುಷ್ಯ. ದುರಸ್ತಿಯಿಂದ ನನ್ನ ಮನೆಯಲ್ಲಿ ಯಾವ ಸುಧಾರಣೆಯೂ ಆಗಿಲ್ಲ. ಮೊದಲೂ ಕೋಟು ಹಾಕಿಕೊಂಡೇ ಮಲಗುತ್ತಿದ್ದೆ, ಈಗಲೂ ಹಾಗೆಯೇ. ಮೊದಲೂ ಬೆಳಗಾದರೆ ಲೋಟದ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತಿತ್ತು, ಈಗಲೂ ಕಟ್ಟುತ್ತದೆ. ಮೊದಲೂ ಅಡುಗೆಮನೆಯಲ್ಲಿ ಓವನ್ ಪಕ್ಕದಲ್ಲೇ ಕೂರುತ್ತಿದ್ದೆ, ಈಗಲೂ ಕೂರುತ್ತೇನೆ. ಸುಮ್ಮನೆ ಓವನ್ ಉರಿಸಿದರೆ ಗ್ಯಾಸು ದಂಡ. ಆದ್ದರಿಂದ ವಾರಕ್ಕೆ ಮೂರು ಸಲ ಬ್ರೆಡ್ಡು ಸುಡುತ್ತೇನೆ. ಒಬ್ಬಳಿಗೆ ಅಷ್ಟು ತಿನ್ನಲಾಗುವುದಿಲ್ಲ. ಆರ್ವಿಡ್ ತಿನ್ನುತ್ತಾನೆ. ಅಷ್ಟೇನೂ ಕೆಟ್ಟದಾಗಿಲ್ಲ."

ಮಾರ್ಲಿಸ್ ನನ್ನ ಮುಖ ನೋಡಲಿಲ್ಲ. ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಹನ್ನೊಂದು ಚಳಿಗಾಲದ ನೈವೇದ್ಯ ಅಲ್ಲಿ ಗುಡಾಣವಾಗಿ ಕೂತಿತ್ತು.

"ಮಲಗೋ ಕೋಣೆಗೆ ಬಿಸೀನೇ ಬರ್ತಿಲ್ಲ ಅಂತಾಯ್ತು. ಅಲ್ಲಿಯ ರೇಡಿಯೇಟರ್ ಯಾಕೆ ಸರಿ ಮಾಡಿಸ್ಲಿಲ್ಲ?" ಬರ್ನೀಸ್ ಕೇಳಿದಳು.

"ಅದು ಸುಧಾರಣೆ ಆಗಿಬಿಡುತ್ತೆ ಅಂತ..."

"ಅಯ್ಯೋ ಪುಣ್ಯಾತ್ಮ! ಕೆಟ್ಟ ರೇಡಿಯೇಟರ್ ಸರಿ ಮಾಡ್ಸೋದೂ ದುರಸ್ತೀನೇ! ಆ ಖರ್ಚೂ ಇದೇ ವರ್ಷ ಕಳೀಬಹುದಿತ್ತು!"

ನನಗೆ ನಿಜಕ್ಕೂ ನಾಚಿಕೆಯಾಯಿತು. ಕಾಲ ಕೆಳಗಿನ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಯ್ಲರಿಗಿಂತ ನನ್ನ ಕಿವಿಗಳೇ ಹೆಚ್ಚು ಬಿಸಿಯಾಗಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಅರ್ಧ ಗಂಟೆಯ ಕೆಲಸಕ್ಕೆ ಹೋಗಿತ್ತು.

"ಹೊಸ ಬಾಯ್ಲರ್ ಹಾಕಿಸ್ತೀನಿ" ಎಂದೆ. ದನಿ ನನಗೇ ಕೇಳಿಸಲಿಲ್ಲ.

"ಇಪ್ಪತ್ತೇಳೂವರೆ ವರ್ಷ ಆಗುತ್ತಲ್ಲ?" ಎಂದಳು ಮಾರ್ಲಿಸ್.

"ಬದುಕಿರ್ತೀನಿ ಬಿಡು."

ಡ್ವೇನ್ ಎರಡೇ ದಿನದಲ್ಲಿ ಹೊಸದನ್ನು ಕೂರಿಸಿ, ಮಲಗುವ ಕೋಣೆಯ ರೇಡಿಯೇಟರನ್ನೂ ಸರಿಮಾಡಿದ. ಕೆಲಸಕ್ಕೆ ಇಳಿಯುವ ಮುನ್ನ "ಈ ಸಲ ಚೆನ್ನಾಗಿ ಮಾಡ್ಬಹುದಾ ದೊರೆ?" ಎಂದು ಚುಚ್ಚುವುದನ್ನು ಮರೆಯಲಿಲ್ಲ. ನಾನು ಮೇಲೆ ಹೋಗಿ ಮಿಸೆಸ್ ಲುಂಡೀನರ ಎದುರು ತಲೆ ತಗ್ಗಿಸಿ ನಿಂತೆ.

"ತಪ್ಪಾಯ್ತು. ಹನ್ನೊಂದು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲ ನೀವು!"

"ಹೇಳ್ತಾನೇ ಇದ್ನಲ್ಲಪ್ಪ" ಎಂದರು ಅವರು ತಣ್ಣಗೆ.

ಒಂದು ವಾರ ಕಳೆಯಿತು, ಎರಡು ಕಳೆಯಿತು. ಏಲಕ್ಕಿಯ ಘಮ ಮೆಟ್ಟಿಲಿಳಿದು ಬರಲೇ ಇಲ್ಲ. ತಡೆಯಲಾರದೆ ಹೋಗಿ ಇಣುಕಿದೆ. ಹೊರಗೆ ಮೊಣಕಾಲು ಮಟ್ಟ ಹಿಮ. ಒಳಗೆ ಅವರು ತೋಳಿಲ್ಲದ ಅಂಗಿಯಲ್ಲಿ, ಟೋಪಿಯಿಲ್ಲದೆ, ಕಿಟಕಿ ಒಂದಂಗುಲ ತೆರೆದು ಕೂತಿದ್ದರು. "ಈ ಸೆಕೇಲಿ ಓವನ್ ಹಚ್ಚೋರು ಯಾರಪ್ಪ!" ಎಂದರು.

ಪ್ರಾಯಶ್ಚಿತ್ತ ನನ್ನಿಂದಲೇ ಆಗಬೇಕಿತ್ತು. ಅವರಿಂದ ವಿಧಾನ ಬರೆಸಿಕೊಂಡು, ಸೊಂಟಕ್ಕೆ ಮಾರ್ಲಿಸಳ ಏಪ್ರನ್ ಬಿಗಿದು, ಇಡೀ ಶನಿವಾರ ಹಿಟ್ಟಿನೊಂದಿಗೆ ಕುಸ್ತಿ ಮಾಡಿದೆ. ಕೊನೆಗೆ ಜಡೆಯೊಂದು ಓವನಿನಿಂದ ಹೊರಬಂತು. ತಟ್ಟೆಯಲ್ಲಿಟ್ಟುಕೊಂಡು, ಎದೆಯುಬ್ಬಿಸಿ ಮೆಟ್ಟಿಲು ಹತ್ತಿದೆ.

ಮಿಸೆಸ್ ಲುಂಡೀನ್ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು. ಒಂದು ಗುಟುಕು ಕಾಫಿ ಕುಡಿದರು. ಮತ್ತೆ ಅಗಿದರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿ ಹೇಳಿದರು:

"ಅಷ್ಟೇನೂ ಕೆಟ್ಟದಾಗಿಲ್ಲ ಕಣಪ್ಪ."

ನಾನು ತಟ್ಟೆ ಎತ್ತಿಕೊಂಡು ಕೆಳಗಿಳಿದೆ.